ಒಂಬತ್ತನೇ ಚೀಟಿ

1987ರಲ್ಲಿ ಕಡೂರಿನ ಒಂದು ಟೈಪಿಂಗ್ ಶಾಲೆಗೆ ಕಂಪ್ಯೂಟರ್ ಬಂತು. ಮಾಲೀಕ ಷಡಕ್ಷರಿ ಅದಕ್ಕೆ ಕುಂಕುಮ ಹಚ್ಚಿದ. ಕೈಪಿಡಿ ಓದಿದವಳು ಟೈಪಿಂಗ್ ಕಲಿಸುತ್ತಿದ್ದ ರಂಗನಾಯಕಿ. ವಿದ್ಯಾರ್ಥಿಗಳ ಹೆಸರುಗಳನ್ನು ಅಕ್ಷರಕ್ರಮಕ್ಕೆ ತರುವ ಪ್ರೋಗ್ರಾಂ ಬರೆದಳು. ಚೆನ್ನಾಗಿ ನಡೆಯಿತು.

ಅಜ್ಜಂಪುರದ ಛತ್ರದಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ ಗೊತ್ತಾದಾಗ ಪಟ್ಟಿಯ ಕೆಲಸ ಅವಳಿಗೆ ಬಂತು. ಎಂಬತ್ನಾಲ್ಕು ಜನ ಚೀಟಿ ಪಡೆದಿದ್ದರು. ಹಾಸಿಗೆ ಅರವತ್ತೇ. ಮೊದಲು ಚೀಟಿ ಪಡೆದವರಿಗೆ ಆಪರೇಷನ್, ಉಳಿದವರು ಮುಂದಿನ ವರ್ಷ ಬರಬೇಕು. ಕಡೂರಿಗೆ ಬಂದ ವಿವರಗಳು ಹಿಂದುಮುಂದಾಗಿದ್ದವು. ರಂಗನಾಯಕಿ ಹಳೆಯ ಪ್ರೋಗ್ರಾಂನಲ್ಲೇ ಹೆಸರಿನ ಜಾಗಕ್ಕೆ ಚೀಟಿ ನಂಬರ್ ಹಾಕಿ ಪ್ರಿಂಟ್ ತೆಗೆದಳು. ಷಡಕ್ಷರಿಯ ಜೊತೆ ಅಜ್ಜಂಪುರಕ್ಕೆ ಹೊರಡುವ ಬಸ್ಸಿಗೆ ಹೊತ್ತಾಗಿತ್ತು, ಓದಿ ನೋಡಲಿಲ್ಲ.

ಶಿಬಿರದ ಬೆಳಿಗ್ಗೆ ರಾಮಯ್ಯನೆಂಬ ಸ್ವಯಂಸೇವಕ ಪಟ್ಟಿ ಹಿಡಿದು ಅರವತ್ತು ಹೆಸರು ಕೂಗಿ ಒಳಗೆ ಕೂರಿಸಿದ. ಉಳಿದವರಿಗೆ ಮನೆಗೆ ಹೋಗಿ ಎಂದ. ಅಂತರಘಟ್ಟೆಯ ಹಾಲಮ್ಮ ಮಾತ್ರ ಹೋಗಲಿಲ್ಲ. ಅವಳ ಒಂದು ಕಣ್ಣು ಹಿಂದೆಯೇ ಹೋಗಿತ್ತು. ಇನ್ನೊಂದಕ್ಕೆ ಈಗ ಬೆಳಕಿನ ಮಸುಕು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಇನ್ನೊಂದು ವರ್ಷ ಕಾಯುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ನಂದು ಒಂಬತ್ತು ಕಣಪ್ಪಾ. ನನ್ ಹಿಂದೆ ನಿಂತಿದ್ದೋರೆಲ್ಲ ಒಳಗವ್ರೆ" ಎಂದಳು.

ರಾಮಯ್ಯ ಪಟ್ಟಿಯನ್ನು ಅವಳ ಮುಖದ ಮುಂದೆ ಹಿಡಿದ. ಕಂಪ್ಯೂಟರ್ ಮಾಡಿದ್ದು, ತಪ್ಪಿರುವುದಿಲ್ಲ, ಅವಳ ಹೆಸರು ಕಟ್ಟಕಡೆಗಿದೆ ಎಂದ.

"ಒಂಬತ್ತಾದ್ಮೇಲೆ ಹತ್ತು ಅನ್ನೋದು ಅದ್ಕೆ ಗೊತ್ತಿಲ್ವಾ?"

ಪಕ್ಕದಲ್ಲಿದ್ದ ರಂಗನಾಯಕಿ ಪಟ್ಟಿ ಕಸಿದುಕೊಂಡಳು. 1 ಆದ ಮೇಲೆ 10, 11, ಹೀಗೆ 19ರವರೆಗೆ. ಆಮೇಲೆ 2. ಕೊನೆಯ ಸಾಲಿನಲ್ಲಿ 84ರ ಕೆಳಗೆ 9. ಯಂತ್ರ ನಂಬರನ್ನೂ ಹೆಸರಿನಂತೆ ಒಂದೊಂದೇ ಅಕ್ಷರ ನೋಡಿ ಜೋಡಿಸಿತ್ತು. ಹೆಸರುಗಳಾದರೆ ರಾಮ ಆದ ಮೇಲೆ ರಾಮಯ್ಯ, ಆಮೇಲೆ ಶಾಮಣ್ಣ. ಹಾಗೆಯೇ 1, 10, ಆಮೇಲೆ 2. ಇವು ಎಣಿಕೆಯ ಅಂಕಿಗಳೆಂದು ಅವಳು ಅದಕ್ಕೆ ಹೇಳಿರಲೇ ಇಲ್ಲ.

ಷಡಕ್ಷರಿ ಅವಳನ್ನು ಕಂಬದ ಮರೆಗೆ ಕರೆದ. ಚೀಟಿ ಬರೆದವರು ಕಲಸಿದರು ಅಂದುಬಿಡು, ಇಲ್ಲದಿದ್ದರೆ ಇನ್ನು ಯಾರೂ ನಮಗೆ ಕೆಲಸ ಕೊಡುವುದಿಲ್ಲ ಎಂದ. ಅವಳು ನೇರ ಡಾಕ್ಟರ ಬಳಿ ಹೋದಳು.

"ತಪ್ಪು ನಂದು ಸಾರ್. ಏಳು, ಎಂಟು, ಒಂಬತ್ತು ಒಳಗೆ ಬರ್ಬೇಕು. ಅರವತ್ತೊಂದು, ಅರವತ್ತೆರಡು, ಅರವತ್ಮೂರು ಏಳ್ಬೇಕು."

ಡಾಕ್ಟರು ಪಟ್ಟಿ ಬಿಟ್ಟು ಚೀಟಿಗಳನ್ನೇ ತರಿಸಿ ನೋಡಿದರು. ಮನೆಗೆ ಹೊರಟಿದ್ದ ಏಳು, ಎಂಟನೇ ಚೀಟಿಯವರನ್ನು ರಾಮಯ್ಯ ಓಡಿಹೋಗಿ ಕರೆತಂದ. ಇಬ್ಬರು ಗೊಣಗುತ್ತಾ ಎದ್ದರು. ಅರವತ್ತೆರಡರ ಈರಭದ್ರಪ್ಪ, ಸಿಂಗಟಗೆರೆಯ ಗಟ್ಟಿ ಕುಳ, ಅಚ್ಚಾದದ್ದು ಅಚ್ಚಾದದ್ದೇ ಎಂದು ವಾದ ಮಾಡಿ ಸೋತು ಎದ್ದ. ಹೋಗುವಾಗ ರಂಗನಾಯಕಿಯತ್ತ ತಿರುಗಿದ.

"ಮುಂದಿನ ವರ್ಷ ನಂಗೆ ಹತ್ತನೇ ಚೀಟಿ ಕೊಡಮ್ಮ. ಎರಡನೇದಾಗೇ ಕರೀತೀಯಲ್ಲ."

"ಹತ್ತನೇದಾಗೇ ಕರೀತೀನಿ, ಬನ್ನಿ."

ಕಡೂರಿಗೆ ಹೋಗಿ ಅವಳು ಪ್ರೋಗ್ರಾಂನಲ್ಲಿ ಒಂದು ಸಾಲು ತಿದ್ದಿದಳು. ನಂಬರನ್ನು ಅಕ್ಷರವಾಗಿ ಅಲ್ಲ, ಎಣಿಕೆಯ ಬೆಲೆಯಾಗಿ ನೋಡು ಎಂಬುದೇ ಆ ಸಾಲಿನ ಅರ್ಥ. ಐದನೇ ದಿನ ಹೊಸ ಪಟ್ಟಿಯನ್ನು ಛತ್ರಕ್ಕೆ ತಂದಳು. ಹಾಲಮ್ಮನ ಬ್ಯಾಂಡೇಜ್ ಬಿಚ್ಚಿ ದಪ್ಪ ಕನ್ನಡಕ ಹಾಕಿದ್ದರು. ಓದು ಬಾರದ ಮುದುಕಿ ಕಾಗದ ಇಸಿದುಕೊಂಡು, ಮೇಲಿನಿಂದ ಒಂದೊಂದೇ ಸಾಲಿಗೆ ಬೆರಳಿಟ್ಟು ಎಣಿಸಿದಳು. ಒಂಬತ್ತಕ್ಕೆ ನಿಲ್ಲಿಸಿ, ಇದು ನನ್ನ ಹೆಸರೇ ಹೌದಾ ಎಂದು ಕೇಳಿದಳು.

ಹೌದು ಎಂದಳು ರಂಗನಾಯಕಿ.