ಸೌನಾಕ್ಕೆ ಹೋದ ಪಿಸ್ತೂಲು

ನನ್ನ ಮಾವ ನೆಸ್ಟರ್ ಹೌತಲ ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು ನನ್ನ ಮೇಲಿನ ತಕರಾರು. ಉತ್ತರ ಮಿಷಿಗನ್ನಿನ ನಮ್ಮ ಕಡೆ, ಫಿನ್‌ಲೆಂಡಿನಿಂದ ಬಂದು ನೆಲೆನಿಂತವರ ಮನೆಗಳಲ್ಲಿ, ಗಂಡಸರೆಲ್ಲ ಹೀಗೇ. ಮಾತಿಗೆ ತೆರಿಗೆ ಕಟ್ಟಬೇಕೇನೋ ಅನ್ನುವ ಹಾಗಿರುತ್ತಾರೆ.

ನನ್ನ ಗಂಡ ರೂಡಿ ಹಿತ್ತಲ ಶೆಡ್ಡಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ. ಕೊನೆಯ ಎರಡು ವರ್ಷ ಅವನು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ, ನಾನು ಮಾಡುತ್ತಿದ್ದೆ. ಕಳೆದ ವಸಂತದಲ್ಲಿ ಅವನು ಹೋದ. ಆಮೇಲೆ ನನಗೆ ಅಂತ ಉಳಿದದ್ದು ಶೆಡ್ಡಿನ ಆ ಕೆಲಸದ ಬೆಂಚೊಂದೇ. ಮಾವ ಅದನ್ನೂ ಮಾರಲು ಹೊರಟರು! ಕೊಳ್ಳುವವನು ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಓನ್ನಿ ಕಾಂಗಸ್. ಎರಡು ಸ್ಕ್ರೂ ಬಿಚ್ಚಿದರೆ ಮೂರು ಕಳೆದುಹಾಕುವ ಮಹಾನುಭಾವ.

"ಅದು ನನ್ನ ಬೆಂಚು ಮಾವ. ಎರಡು ವರ್ಷ ಅಲ್ಲಿ ದುಡಿದದ್ದು ನಾನು," ಅಂದೆ. ಸಿಟ್ಟು ಬಂದಿತ್ತು.

ಮಾವ ಎದ್ದು ಹೋಗಿ ಎಣ್ಣೆಕಾಗದದ ಒಂದು ಪೊಟ್ಟಣ ತಂದು ನನ್ನ ಮುಂದೆ ಕುಕ್ಕಿದರು. ಒಳಗೆ ಫಿನ್‌ಲೆಂಡ್ ಸೈನ್ಯ ಬೇಡವೆಂದು ಹರಾಜಿಗೆ ಬಿಟ್ಟಿದ್ದ ಹಳೆ ಪಿಸ್ತೂಲು. ತುಕ್ಕು ಹಿಡಿಯಬಾರದೆಂದು ಬಳಿದಿದ್ದ ಕಂದು ಗ್ರೀಸು ಐವತ್ತು ವರ್ಷದಲ್ಲಿ ಅಂಟಾಗಿ, ಪಿಸ್ತೂಲು ಯಾವುದು ಗ್ರೀಸು ಯಾವುದು ಗೊತ್ತಾಗುತ್ತಿರಲಿಲ್ಲ.

"ಇದನ್ನ ಕ್ಲೀನ್ ಮಾಡು. ಭಾನುವಾರ ಕ್ಲಬ್ಬಲ್ಲಿ ಎಂಟು ಗುಂಡು ತಡೀದೆ ಹಾರ್ಬೇಕು. ವಾಪಸ್ ತರೋವಾಗ ಒಂದು ಚುಕ್ಕೆ ತುಕ್ಕೂ ಇರ್ಬಾರ್ದು. ಆಮೇಲೆ ನೋಡೋಣ."

ಅವರ ಒಂದು ವಾರದ ಮಾತು ಅಲ್ಲಿಗೆ ಖರ್ಚಾಯಿತು.

ಪಿಸ್ತೂಲು ಬಿಚ್ಚಿದೆ. ಬಟ್ಟೆಯಿಂದ ಒರೆಸಿದರೆ ಗ್ರೀಸು ಬಟ್ಟೆಯನ್ನೇ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ಬೇಕಾದದ್ದು ಶಾಖ. ನಮ್ಮಲ್ಲಿ ಶಾಖಕ್ಕೇನು ಬರ? ಪ್ರತಿ ಮನೆಯ ಹಿಂದೆಯೂ ಸೌನಾ ಇದೆ. ಕಲ್ಲು ಕಾಯಿಸಿ, ನೀರೆರಚಿ, ಮರದ ಮೆಟ್ಟಿಲ ಮೇಲೆ ಕೂತು ಬೆವರುವ ಕೋಣೆ. ಶುಕ್ರವಾರ ಒಲೆ ಹೊತ್ತಿಸಿ, ನಳಿಗೆ, ಸ್ಪ್ರಿಂಗು, ಚೌಕಟ್ಟು ಎಲ್ಲವನ್ನೂ ತಂತಿಗೆ ಪೋಣಿಸಿ ಮೇಲಿನ ಮೆಟ್ಟಿಲಿನ ಮೇಲೆ ತೂಗುಹಾಕಿದೆ. ಕೆಳಗೆ ಹಳೆ ಬಾಣಲೆ ಇಟ್ಟೆ. ಗ್ರೀಸು ಜೇನಿನ ಹಾಗೆ ಇಳಿಯತೊಡಗಿತು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಸಂಜೆ ಎಲ್ಲವನ್ನೂ ತೆಗೆದು, ಒರೆಸಿ, ನಳಿಗೆಯೊಳಗೆ ಬ್ರಷ್ ಆಡಿಸಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಉಜ್ಜಿದೆ. ಎಣ್ಣೆ ಹಾಕಿದ್ದು ಜಾರುವ ಕಡೆ ಮಾತ್ರ, ಒಂದೊಂದೇ ಹನಿ. ಅದನ್ನೂ ಬೆರಳಲ್ಲಿ ಸವರಿ ಮತ್ತೆ ಒರೆಸಿದೆ. ನಮ್ಮ ಚಳಿಯಲ್ಲಿ ಎಣ್ಣೆ ಹೆಚ್ಚಾದರೆ ಪಾಯಸದ ಹಾಗೆ ಗಟ್ಟಿಯಾಗಿಬಿಡುತ್ತದೆ.

ಪಿಸ್ತೂಲಿನ ವಿಷಯದಲ್ಲಿ ಇಷ್ಟೆಲ್ಲ ಜಾಗ್ರತೆ ವಹಿಸಿದವಳು ಬಾಣಲೆಯ ಆಚೆ ಏನು ಬಿದ್ದಿದೆ ಅಂತ ನೋಡಲಿಲ್ಲ.

ಶನಿವಾರ ಸೌನಾದ ದಿನ. ಮಾವ ಹುಟ್ಟಿದ್ದೇ ಆ ಕೋಣೆಯಲ್ಲಿ, ಆ ಮೇಲಿನ ಮೆಟ್ಟಿಲಿನ ಮೇಲೆ. ಅದು ಅವರಿಗೆ ಚರ್ಚಿಗಿಂತ ಒಂದು ತೂಕ ಮೇಲು. ಓನ್ನಿಯನ್ನೂ ಕರೆದುಕೊಂಡು ಒಳಗೆ ಹೋದರು. ಎರಡು ನಿಮಿಷ ಕಳೆದಿರಬಹುದು. ದಡ್ ಅಂತ ಶಬ್ದ. ಹಿಂದೆಯೇ ಮಾವನ ಕೂಗು. ನಲವತ್ತು ವರ್ಷದಲ್ಲಿ ಅವರಿಂದ ಅಷ್ಟು ದೊಡ್ಡ ದನಿ ಹೊರಟದ್ದನ್ನು ಕೇಳಿರಲಿಲ್ಲ.

"ಸಿಲ್ವೀ!"

ಕಂದು ಮರದ ಮೇಲೆ ಕಂದು ಗ್ರೀಸು, ಯಾರಿಗೆ ಕಾಣುತ್ತೆ? ಕೂತ ಮಾವ ಮೇಲಿನ ಮೆಟ್ಟಿಲಿಂದ ಕೆಳಗಿನದಕ್ಕೆ ಜರ್ರನೆ ಇಳಿದಿದ್ದರು. ಪುಣ್ಯಕ್ಕೆ ಮೂಳೆ ಉಳಿದಿತ್ತು. ಟವೆಲ್ ಸುತ್ತಿಕೊಂಡು ಹಿಮದಲ್ಲಿ ನಿಂತಿದ್ದರು, ಮೈಯಿಂದ ಹಬೆ ಏಳುತ್ತಿತ್ತು. ಹಿಂದೆ ಓನ್ನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಇನ್ನು ಐವತ್ತು ವರ್ಷ ನೆಸ್ಟರನ ಕುಂಡಿಗೆ ತುಕ್ಕು ಹಿಡಿಯಲ್ಲ ಬಿಡು, ಸಿಲ್ವಿ!"

ಆ ರಾತ್ರಿಯೂಟಕ್ಕೆ ಮಾವ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂತರು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆ ತೊಳೆದ ಹಾಗಾಯಿತೇ ಅಂತ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಮೂಗಿನ ಕೂದಲೂ ಹೆಪ್ಪುಗಟ್ಟುವ ಚಳಿ. ಮೊದಲು ಓನ್ನಿಯ ಸರದಿ. ಅವನು ತನ್ನ ಪಿಸ್ತೂಲಿಗೆ ಎಣ್ಣೆಯಲ್ಲಿ ಅಭ್ಯಂಜನ ಮಾಡಿಸಿ ತಂದಿದ್ದ. ಒಂದು ಗುಂಡು ಹಾರಿತು. ಎರಡನೆಯದಕ್ಕೆ ಅದು ಅರ್ಧ ಬಾಯಿ ತೆರೆದು ಹಾಗೇ ನಿಂತುಬಿಟ್ಟಿತು.

ನನ್ನ ಸರದಿ ಬಂತು. ಒಂದು, ಎರಡು, ಮೂರು... ಎಂಟು. ತಡೆಯಲಿಲ್ಲ, ಕೆಮ್ಮಲೂ ಇಲ್ಲ. ಕುಣಿಯಬೇಕು ಅನ್ನಿಸಿತು.

"ನೀರೆಲ್ಲಿ?" ಅಂದರು ಮಾವ.

ನಾನು ಹಾರಿಸಿದಂಥ ಯುದ್ಧಕಾಲದ ಹಳೆ ಗುಂಡುಗಳು ನಳಿಗೆಯೊಳಗೆ ಉಪ್ಪು ಬಿಟ್ಟುಹೋಗುತ್ತವೆ. ಎಣ್ಣೆಗೆ ಅದು ಜಗ್ಗುವುದಿಲ್ಲ. ಹಾರಿಸಿದ ಕೂಡಲೇ ಬಿಸಿನೀರು ಸುರಿಯಬೇಕು, ಇಲ್ಲದಿದ್ದರೆ ಮನೆ ಮುಟ್ಟುವಷ್ಟರಲ್ಲಿ ತುಕ್ಕು. ಇದನ್ನು ರೂಡಿ ನನಗೆ ನೂರು ಸಲ ಹೇಳಿದ್ದ. ಮಾವನ ಮುಖ ನೋಡುವ ಹೆದರಿಕೆಯಲ್ಲಿ ಬೆಳಿಗ್ಗೆ ಓಡಿ ಬಂದವಳು ನೀರಿನ ಕ್ಯಾನನ್ನು ಅಡುಗೆಮನೆಯಲ್ಲೇ ಬಿಟ್ಟಿದ್ದೆ.

"ಮರ್ತೆ ಮಾವ," ಅಂದೆ. ಬೇರೆ ಏನು ಹೇಳಲಿ?

"ಅಯ್ಯೋ ಪಾಪ," ಓನ್ನಿ ರಾಗ ಎಳೆದ. "ಹಂಗಾದ್ರೆ ನೆಸ್ಟರ್, ಗಾಡಿ ತಂದಿದೀನಿ. ಬೆಂಚು ಇವತ್ತೇ ಹೇರ್ಕೊಂಡು ಹೋಗ್ಲಾ?"

ಮಾವ ಆಗಷ್ಟೇ ಹಲ್ಲಿನ ನಡುವೆ ಸಕ್ಕರೆಯ ತುಂಡು ಕಚ್ಚಿಕೊಂಡು, ಅದರ ಮೂಲಕ ಕಾಫಿ ಹೀರಲೆಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ದರು. ಅವರ ಕಾಫಿಯನ್ನು ನನ್ನ ಅತ್ತೆಯೂ ಮುಟ್ಟಿದವರಲ್ಲ. ರೂಡಿ ಚಿಕ್ಕವನಿದ್ದಾಗ ಒಂದು ಗುಟುಕು ಕದ್ದು ಏಟು ತಿಂದಿದ್ದನಂತೆ. ಫ್ಲಾಸ್ಕನ್ನು ಒಮ್ಮೆ ನೋಡಿದರು. ನನ್ನನ್ನು ಒಮ್ಮೆ ನೋಡಿದರು.

"ನಳಿಗೆ ಬಿಚ್ಚಿ ಹಿಡಿ."

ಹಿಡಿದೆ. ಹಬೆಯಾಡುವ ಕರಿ ಕಾಫಿಯನ್ನು ನಳಿಗೆಯೊಳಗೆ ಸುರಿದರು. ನಿಧಾನವಾಗಿ, ಕೊನೆಯ ಹನಿಯ ತನಕ. ಹಿಮದ ಮೇಲೆ ಕಪ್ಪು ಗುಳಿ ಬಿತ್ತು. ಸುತ್ತಲಿದ್ದ ಗಂಡಸರು ಸಾವಿನ ಮನೆಯಲ್ಲಿ ನಿಂತವರ ಹಾಗೆ ನೋಡುತ್ತಿದ್ದರು. ಮಾವ ಬರೀ ಸಕ್ಕರೆಯನ್ನು ಕಟಕಟ ಕಡಿದು ನುಂಗಿದರು.

"ಓನ್ನಿ, ಖಾಲಿ ಗಾಡಿ ಹೊಡ್ಕೊಂಡು ಹೋಗು. ಬೆಂಚಲ್ಲಿ ನನ್ನ ಸೊಸೆ ಕೂತಿದಾಳೆ."

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ಎದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಅಳೋದು ಆಮೇಲೆ," ಅಂದರು ಮಾವ, ಜೇಬಿನಿಂದ ತಮ್ಮ ಕರವಸ್ತ್ರ ತೆಗೆದು ಚಾಚುತ್ತಾ. ನಾನು ಕಣ್ಣಿಗೆ ಒತ್ತಿಕೊಳ್ಳಹೋದೆ. ಕೈ ಹಿಡಿದು ತಡೆದರು. "ಕಣ್ಣಿಗಲ್ಲ ಮಾರಾಯ್ತಿ, ನಳಿಗೆಗೆ."