ನೆಲ್ಡಾಳ ಕೊಳದ ಇನ್ನೂರ ಹನ್ನೊಂದು

ಹೋಬರ್ಟ್ ಸ್ಟಾಲಿಂಗ್ಸ್ ತಾನು ಹಿಡಿದೆನೆಂದು ಹೇಳಿಕೊಂಡ ಮೀನುಗಳನ್ನೆಲ್ಲ, ಅವನು ಹೇಳಿದ ಉದ್ದದಲ್ಲೇ ಸಾಲಾಗಿ ಮಲಗಿಸಿದ್ದರೆ ಅಲಬಾಮಾದಿಂದ ಚಂದ್ರನವರೆಗೆ ರಸ್ತೆಯಾಗುತ್ತಿತ್ತು. ಮಿಕ್ಕಿದ್ದರಲ್ಲಿ ಅಲ್ಲೊಂದು ಜಗಲಿಯನ್ನೂ ಕಟ್ಟಬಹುದಿತ್ತು. ಕ್ಷೌರದಂಗಡಿಯಲ್ಲಿ ಅವನು ಮೀನಿನ ಅಳತೆ ತೋರಿಸಲು ಕೈ ಅಗಲಿಸಿದನೆಂದರೆ ಅಕ್ಕಪಕ್ಕದ ಕುರ್ಚಿಯವರು ಮೂಗು ಉಳಿಸಿಕೊಳ್ಳಲು ತಲೆ ಬಗ್ಗಿಸುತ್ತಿದ್ದರು. ಊರು ಅದನ್ನು ಸಹಿಸಿಕೊಂಡಿತ್ತು. ಹೆಂಡತಿ ನೆಲ್ಡಾಳೂ ಸಹಿಸಿಕೊಂಡಿದ್ದಳು, ಆದರೆ ಒಂದು ಷರತ್ತಿನ ಮೇಲೆ.

“ಹೊರಗಡೆ ಎಷ್ಟಾದ್ರೂ ಬುರುಡೆ ಬಿಡು ಹೋಬರ್ಟ್. ಈ ಬೇಲಿಯೊಳಗೆ ನಂಗೆ ಇನ್ನೊಂದೇ ಒಂದು ಸುಳ್ಳು ಹೇಳಿದ್ಯೋ, ಮೊಬೀಲ್ ಊರಲ್ಲಿ ನನ್ನ ತಂಗಿ ಮನೇಲಿ ಒಂದು ರೂಮು ಖಾಲಿ ಇದೆ.”

ಹಿಂದಿನ ಸುಳ್ಳು ಅವಳ ತಾಯಿಯ ಪಿಯಾನೊ ಕುರಿತದ್ದು. ಆ ಕಥೆ ಇಲ್ಲಿ ಬೇಡ. ಸೊಂಟದ ಕೀಲು ಬದಲಿಸಿಕೊಳ್ಳಲು ಮಾಂಟ್‌ಗಮರಿಯ ಆಸ್ಪತ್ರೆಗೆ ಹೊರಟ ದಿನ, ಕಾರಿನ ಬಾಗಿಲು ಹಿಡಿದುಕೊಂಡು ನೆಲ್ಡಾ ಈ ಮಾತು ಹೇಳಿದಳು. ಆಮೇಲೆ ಅವನಿಗೆ ಒಂದೇ ಒಂದು ಕೆಲಸ ಒಪ್ಪಿಸಿದಳು: ಕೊಳ.

ಮನೆಯ ಹಿಂದಿನ ಮೂರು ಎಕರೆ ಕೊಳ ಅವಳ ಪ್ರಾಣ. ಅದರಲ್ಲಿದ್ದದ್ದು ಹೈಬ್ರಿಡ್ ಮೀನು. ಸಮುದ್ರದಿಂದ ಹೊಳೆಗೆ ಏರಿ ಬರುವ ಪಟ್ಟೆ ಬಾಸ್ ಮೀನಿಗೂ ಹೊಳೆಯಲ್ಲೇ ಇರುವ ಬಿಳಿ ಬಾಸ್‌ಗೂ ಮನುಷ್ಯರು ಕೂಡಿಸಿ ಮಾಡಿದ ಬೆರಕೆ. ಹೇಸರಗತ್ತೆಯ ಹಾಗೆ ಮೈತುಂಬ ಬಲ, ಕೊಳದಲ್ಲಿ ಮರಿ ಮಾತ್ರ ಇಲ್ಲ. ಮೈಮೇಲಿನ ಪಟ್ಟೆಗಳು ನಡುನಡುವೆ ತುಂಡಾಗಿ, ಗೆರೆ ಎಳೆಯುವಾಗ ಯಾರದೋ ಕೈ ನಡುಗಿದ ಹಾಗೆ ಕಾಣುತ್ತವೆ. ಕೊಳಕ್ಕೆ ತಂದು ಬಿಟ್ಟಷ್ಟೇ ಮೀನು. ಒಂದು ಹೋದರೆ ಒಂದು ಕಡಿಮೆ. ನಾಲ್ಕು ವರ್ಷದ ಹಿಂದೆ ಮುನ್ನೂರು ಬಿಟ್ಟಿದ್ದಳು. ಬಾಣಲೆಗೆ ಬಂದದ್ದು, ಹದ್ದು ಎತ್ತಿಕೊಂಡು ಹೋದದ್ದು ಎಲ್ಲ ಕಳೆದು ಉಳಿದದ್ದೆಷ್ಟು ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ದಿನಾ ಸಂಜೆ ಐದಕ್ಕೆ ನೀರಿನ ಮೇಲೆ ಚಾಚಿದ ಹಲಗೆಕಟ್ಟೆಯ ತುದಿಗೆ ಹೋಗಿ, ಮೇವು ಹಾಕುವ ತಗಡಿನ ಮೊಗೆಯ ಹಿಡಿಯಿಂದ ಕಂಬಕ್ಕೆ ಮೂರು ಸಲ ಬಡಿಯುತ್ತಿದ್ದಳು. ಟಕ್, ಟಕ್, ಟಕ್. ಕೊಳವೇ ಕುದಿದಂತೆ ಮೀನು ಮೇಲೆ ಬರುತ್ತಿದ್ದವು. ಆ ರಭಸಕ್ಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಹಡಗು ತೂಗಾಡುತ್ತವೆ ಎಂದು ಹೋಬರ್ಟ್ ಹೇಳುತ್ತಿದ್ದ. ತೂಗಾಡಿಲ್ಲ ಎಂದು ಇದುವರೆಗೆ ಯಾವ ಹಡಗಿನವನೂ ಬಂದು ಹೇಳಿಲ್ಲ.

ಕೊಳದ ತಳಕ್ಕೆ ಗಾಳಿ ಊದುವ ಏರೇಟರ್ ವಸಂತದಲ್ಲೇ ಸಿಡಿಲಿಗೆ ಕೆಟ್ಟು ನಿಂತಿತ್ತು. ಜುಲೈನಲ್ಲಿ ಅದು ರಿಪೇರಿಯಾಗಿ ಬಂದಾಗ ನೆಲ್ಡಾ ಆಸ್ಪತ್ರೆಯಿಂದಲೇ ಫೋನ್ ಮಾಡಿದಳು.

“ಫ್ರಿಜ್ ಮೇಲೆ ಚೀಟಿ ಅಂಟಿಸಿದೀನಿ, ನೋಡು. ಮೊದಲ್ನೇ ದಿನ ಕಾಲು ಗಂಟೆ. ಮಾರನೇ ದಿನ ಅರ್ಧ. ಆಮೇಲೆ ಒಂದು. ದಿನಾ ದುಪ್ಪಟ್ಟು ಮಾಡ್ತಾ ಹೋಗು. ಬೇಸಿಗೇಲಿ ತಳದ ನೀರಲ್ಲಿ ಉಸಿರೇ ಇರಲ್ಲ. ಅದನ್ನ ಒಂದೇ ಸಲ ಕಲಕಿ ಮೇಲೆ ತಂದ್ರೆ ಮುಗೀತು.”

“ಗೊತ್ತು ಮಾರಾಯ್ತಿ. ನೀನು ಹುಟ್ಟೋಕೆ ಮುಂಚಿನಿಂದ ನಾನು ಕೊಳ ನೋಡಿದೀನಿ.”

“ನಾನು ನಿಂಗಿಂತ ಎರಡು ವರ್ಷ ದೊಡ್ಡೋಳು, ಹೋಬರ್ಟ್.”

ಕಾಲು ಗಂಟೆಯೇನು, ಮಗುವಿಗೆ ಔಷಧಿ ಕುಡಿಸುವುದೇ ಎಂದುಕೊಂಡು ಹೋಬರ್ಟ್ ಯಂತ್ರವನ್ನು ಪೂರ್ತಿ ತಿರುಗಿಸಿ ಬಿಟ್ಟು, ತನ್ನ ಜಾಣತನವನ್ನು ವರದಿ ಮಾಡಲು ಕ್ಷೌರದಂಗಡಿಗೆ ಹೋದ. ಮರುದಿನ ಬೆಳಿಗ್ಗೆ ಕೊಳ ಬೆಳ್ಳಗಿತ್ತು. ಕೆಸರಿನ ಕ್ಯಾಟ್‌ಫಿಶ್ ಹೇಗೋ ಜೀವ ಹಿಡಿದುಕೊಂಡಿದ್ದವು. ಹೈಬ್ರಿಡ್‌ಗಳೆಲ್ಲ ಹೊಟ್ಟೆ ಮೇಲೆ ಮಾಡಿ, ಬಾಯಿ ತೆರೆದು ತೇಲುತ್ತಿದ್ದವು. ಕೊಳೆತ ಮೊಟ್ಟೆಯಂಥ ಆ ವಾಸನೆಗೆ ಹತ್ತಿ ಹೊಲದ ಬೆದರುಗೊಂಬೆ ಮೂಗು ಮುಚ್ಚಿಕೊಂಡಿತು. ಅವನು ಟ್ರ್ಯಾಕ್ಟರ್ ತಂದು, ಎಣಿಸದೆ, ನೋಡದೆ, ಹಿಂದಿನ ಹೊಲದ ಪೀಕನ್ ಮರದಡಿ ಗುಂಡಿ ತೋಡಿ ಮುಚ್ಚಿಬಿಟ್ಟ. ನಲವತ್ತೋ ಐವತ್ತೋ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಹುಟ್ಟಿದಂದಿನಿಂದ ಅವನು ಒಂದು ಅಂಕಿಯನ್ನು ಕಡಿಮೆ ಮಾಡಿ ಹೇಳಿದ್ದು ಅದೇ ಮೊದಲು.

ಆಮೇಲೆ ಮೀನು ಸಾಗಿಸುವ ಲಾರಿಯ ರಾಯ್ಸ್‌ಗೆ ಫೋನ್ ಮಾಡಿದ.

“ತಮ್ಮಾ, ಹೈಬ್ರಿಡ್ ಒಂದು ಲೋಡ್ ಬೇಕಿತ್ತಲ್ಲ. ಈ ವಾರಾನೇ. ಅದೂ ಎರಡು ಕೆ.ಜಿ. ತೂಗೋವು.”

“ಈ ಸೆಕೇಲಿ ತುಂಬ್ಕೊಂಡು ಹೊರಟ್ರೆ ನಿಮ್ಮ ಗೇಟಿಗೆ ಬರೋ ಹೊತ್ಗೆ ಸಾರಾಗಿರತ್ತೆ ಮಿಸ್ಟರ್ ಹೋಬರ್ಟ್. ಅಕ್ಟೋಬರ್ ತನಕ ಒಂದು ಮರೀನೂ ಕೊಡಲ್ಲ. ಯಾಕೆ, ಏನಾಯ್ತು?”

“ಏನೂ ಆಗಿಲ್ಲ. ಸುಮ್ನೆ ಕೇಳ್ದೆ.”

ಆಗಸ್ಟ್ ಮೊದಲ ವಾರ ನೆಲ್ಡಾ ಮನೆಗೆ ಬಂದಳು. ಬೇಲಿಯ ತಂತಿ ಕಾದು ಜೋತುಬಿದ್ದು ಹಸುಗಳು ದಾಟಿಕೊಂಡು ಹೋಗುವಂಥ ಬಿಸಿಲು. ಚರ್ಚಿನ ಹೆಂಗಸರು ಅಡುಗೆಮನೆಯ ತುಂಬ ಜೋಳದ ರೊಟ್ಟಿ, ಬೀನ್ಸು, ಬೆಂಡೆಕಾಯಿ ಉಪ್ಪಿನಕಾಯಿ ತಂದಿಟ್ಟು ಹೋಗಿದ್ದರು. ಅವಳು ಯಾವುದನ್ನೂ ಮುಟ್ಟಲಿಲ್ಲ. ಗಡಿಯಾರ ನೋಡಿ, ವಾಕರ್ ಊರಿಕೊಂಡು, ಮೊಗೆ ಹಿಡಿದು ಕೊಳಕ್ಕೆ ಹೊರಟಳು. ಹೋಬರ್ಟ್ ಹಿಂದೆ ನಡೆದ. ದಾರಿಯುದ್ದಕ್ಕೂ ಬಾಯಿ ತೆರೆದ, ಮುಚ್ಚಿದ. ಮೊಬೀಲ್‌ನ ಖಾಲಿ ರೂಮಿನ ಕಿಟಕಿ, ಪರದೆ, ಮಂಚ ಎಲ್ಲ ಕಣ್ಣಮುಂದೆ ಬಂದವು.

ಟಕ್, ಟಕ್, ಟಕ್.

ಮರಗಳಲ್ಲಿ ಕಿವಿ ಒಡೆಯುವಂತೆ ಕಿರುಚುತ್ತಿದ್ದ ಜೀರುಂಡೆಗಳು ಒಮ್ಮೆಲೇ ನಿಂತವು. ನೀರು ಎದ್ದಿತು. ಹತ್ತಲ್ಲ, ಇಪ್ಪತ್ತಲ್ಲ, ಕೊಳದ ಉದ್ದಕ್ಕೂ ತುಂಡು ತುಂಡು ಪಟ್ಟೆಯ ಬೆನ್ನುಗಳು ಒಂದರ ಪಕ್ಕ ಒಂದು ಎದ್ದು ಹೊರಳಿದವು. ನೀರು ಚಿಮ್ಮಿತು, ಅಲೆ ಬಂದು ಕಂಬಕ್ಕೆ ಬಡಿಯಿತು. ಆದರೆ ಯಾವುದಕ್ಕೂ ಸದ್ದಿರಲಿಲ್ಲ.

“ಬಂದ್ವು ನೋಡು ನನ್ನ ಮಕ್ಳು,” ಎಂದು ನೆಲ್ಡಾ ನಕ್ಕಳು. ಮೊಗೆಯ ಮೇವಿನ ಕಾಳನ್ನು ಬೀಸಿ ಎರಚಿದಳು. “ಪರವಾಗಿಲ್ಲ ಕಣೋ ಹೋಬರ್ಟ್, ಚೆನ್ನಾಗೇ ನೋಡ್ಕೊಂಡಿದೀಯ. ಸ್ವಲ್ಪ ಸೊರಗಿದಾವೆ ಅಷ್ಟೆ.”

ಹೋಬರ್ಟ್ ಕಾಲು ಹಿಂದಕ್ಕೆಳೆದುಕೊಂಡ. ಹಲಗೆಕಟ್ಟೆಯ ಮೇಲೆ ಐಸ್ ಪೆಟ್ಟಿಗೆಯ ಬಾಗಿಲು ತೆರೆದಂಥ ಚಳಿ ಕಾಲಿಗೆ ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಪೂರ್ವದ ದಡದಲ್ಲಿ ಮೇವಿನ ಕಾಳು ಊದಿಕೊಂಡು ತೇಲುತ್ತಿತ್ತು. ಬಲೆಯಲ್ಲಿ ಎತ್ತಿ ಮೊಗೆಗೆ ತುಂಬಿದ. ಒಂದು ಮೊಗೆ, ಸರಿಯಾಗಿ. ಹಸಿದ ಕ್ಯಾಟ್‌ಫಿಶ್‌ಗಳೂ ಅದಕ್ಕೆ ಬಾಯಿ ಹಾಕಿರಲಿಲ್ಲ. ನಡುಮಧ್ಯಾಹ್ನ ನೆಲ್ಡಾ ಮಲಗಿದ್ದಾಗ ಅವನು ಗುದ್ದಲಿ ಹಿಡಿದು ಪೀಕನ್ ಮರದಡಿಗೆ ಓಡಿದ. ಗುಂಡಿ ಯಾರೂ ಕೆದಕದೆ ಹಾಗೇ ಇತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಗೆದ. ಮೂರು ಕೌಂಟಿಯ ರಣಹದ್ದುಗಳು ಬಂದು ನೋಡಿ, ನಮ್ಮ ಕೈಲಾಗದು ಎಂದು ತಿರುಗಿ ಹೋದವು. ಒಂದೊಂದೇ ತಲೆಯನ್ನು ಪಕ್ಕಕ್ಕಿಟ್ಟು ಎಣಿಸಿದ. ಎಣಿಸಿ ಮುಗಿಸಿ, ಮತ್ತೊಮ್ಮೆ ಎಣಿಸಿ, ಮುಚ್ಚಿ ಮನೆಗೆ ಬಂದ. ಆ ಅಂಕಿಯನ್ನು ಯಾರಿಗೂ ಹೇಳಲಿಲ್ಲ.

ಆರು ದಿನ ಹೀಗೇ ನಡೆಯಿತು. ಸಂಜೆ ಅವಳು ಬಡಿಯುವಳು, ಅವು ಬರುವವು. ಬೆಳಿಗ್ಗೆ ಅವಳು ಏಳುವ ಮೊದಲು ಇವನು ಕಾಳು ಬಾಚುವನು. ದಿನದಿನಕ್ಕೆ ಅವು ಹಲಗೆಕಟ್ಟೆಯ ಹತ್ತಿರ ಬರತೊಡಗಿದವು. ಕಾಳಿನ ಕಡೆಗಲ್ಲ, ನೆಲ್ಡಾಳ ಕಡೆಗೂ ಅಲ್ಲ. ಹೋಬರ್ಟ್ ಎಡಕ್ಕೆ ಸರಿದರೆ ಎಲ್ಲವೂ ಎಡಕ್ಕೆ ತಿರುಗುತ್ತಿದ್ದವು.

ಏಳನೆಯ ಸಂಜೆ ನೆಲ್ಡಾ ಮೊಗೆಯನ್ನು ಕೆಳಗಿಟ್ಟಳು.

“ಒಂದೂ ತಿಂತಿಲ್ಲ. ರೋಗ ಏನಾದ್ರೂ ಇದ್ಯೋ ನೋಡ್ಬೇಕು. ಈ ಸೆಕೇಲಿ ಗಾಳ ಹಾಕಿದ್ರೆ ಒದ್ದಾಡಿ ಸತ್ತೇ ಹೋಗ್ತವೆ. ಕೈಬಲೆ ತಗೋ. ಕಾಲ ಹತ್ರಾನೇ ಇದಾವೆ, ಒಂದನ್ನ ಎತ್ತು.”

“ನಾಳೆ ನೋಡಿದ್ರಾಯ್ತು ಬಿಡೇ.”

“ಇವತ್ತು, ಹೋಬರ್ಟ್.”

ಅವನು ಬಲೆಯನ್ನು ನೀರಿಗಿಳಿಸಿದ. ಎಳೆಗರು ಬಿದ್ದಷ್ಟು ಭಾರ ಬಿತ್ತು. ಎರಡೂ ಕೈಯಲ್ಲಿ ಜಗ್ಗಿ ಮೇಲೆತ್ತಿದ. ಬಲೆ ಖಾಲಿ. ಅದರಿಂದ ಕಪ್ಪು ನೀರು ಹಲಗೆಗೆ ಸೋರಿತು. ನೆಲ್ಡಾ ಆ ನೀರಿಗೆ ಬೆರಳಿಟ್ಟಳು, ತಣ್ಣಗಿದೆ ಎಂದು ಹಿಂದೆ ತೆಗೆದಳು. ಮೂಸಿದಳು.

“ಇದು ತಳದ ನೀರು,” ಎಂದಳು. ಬೆರಳು ಒರೆಸಿಕೊಂಡು ಗಂಡನ ಕಡೆ ತಿರುಗಿದಳು. “ಏರೇಟರ್ ಎಷ್ಟು ಹೊತ್ತು ಬಿಟ್ಟಿದ್ದೆ?”

“ಚೀಟೀಲಿ ಬರೆದಷ್ಟೇ.”

ಬೆನ್ನುಗಳೆಲ್ಲ ಮುಳುಗಿ, ಆ ಜಾಗದಲ್ಲಿ ಬಾಯಿಗಳು ಬಂದವು. ತೆರೆದ ಬಾಯಿಗಳು, ಸಾಲುಸಾಲಾಗಿ, ಅವತ್ತು ಬೆಳಿಗ್ಗೆ ತೇಲುತ್ತಿದ್ದ ಹಾಗೆಯೇ. ಹಲಗೆಯ ಸಂದಿಗಳಿಂದ ಚಳಿ ಏರಿ ಹೋಬರ್ಟನ ಮೊಣಕಾಲು ಹಿಡಿಯಿತು.

“ಒಂದು ಗಂಟೆ ಇರಬಹುದು,” ಎಂದ. ಚಳಿ ಸೊಂಟಕ್ಕೆ ಬಂತು. “ಇಡೀ ರಾತ್ರಿ, ನೆಲ್ಡಾ. ಪೂರ್ತಿ ತಿರುಗಿಸಿ ಬಿಟ್ಟಿದ್ದೆ.”

“ಎಷ್ಟು ಸತ್ವು?”

“ನಲವತ್ತು. ಐವತ್ತು.”

ಬಾಯಿಗಳು ಕಂಬಕ್ಕೆ ತಾಗುವಷ್ಟು ಹತ್ತಿರ ಬಂದವು. ಉಸಿರು ಎಳೆದರೆ ಎದೆಗೆ ಏನೂ ಇಳಿಯುತ್ತಿರಲಿಲ್ಲ. ಗಾಳಿ ಇತ್ತು, ಅದರಲ್ಲಿ ಸತ್ವವಿರಲಿಲ್ಲ. ಅವನ ಬಾಯಿಯೂ ಅವುಗಳ ಬಾಯಿಯ ಹಾಗೇ ತೆರೆದುಕೊಂಡಿತು.

“ನೂರು,” ಎಂದ. ಆಮೇಲೆ ಮಂಡಿಯೂರಿ ಕೂತು ಹೇಳಿದ: “ಇನ್ನೂರ ಹನ್ನೊಂದು. ಅಗೆದು ಎಣಿಸಿದೆ. ಎರಡು ಸಲ.”

ನೀರು ಮುಚ್ಚಿಕೊಂಡಿತು. ಒಂದು ಅಲೆಯೂ ಇಲ್ಲ. ಜೀರುಂಡೆಗಳು ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡಿದವು.

“ನನ್ನ ಲೆಕ್ಕಾನೂ ಅಷ್ಟೇ,” ಎಂದಳು ನೆಲ್ಡಾ. ಅಳಲಿಲ್ಲ, ಬೈಯಲಿಲ್ಲ. ಅದು ಹೋಬರ್ಟನಿಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. “ತಂಗಿ ರೂಮು ಅಕ್ಟೋಬರ್ ತನಕ ಖಾಲೀನೇ ಇರತ್ತೆ. ಅಷ್ಟರವರೆಗೆ ನೋಡ್ತೀನಿ. ಒಳಗಾಗಲಿ, ಹೊರಗಾಗಲಿ, ನಿನ್ನ ಬಾಯಿಂದ ಬರೋ ಒಂದೊಂದು ಅಂಕೀನೂ ಸರಿ ಇರ್ಬೇಕು.”

ಆ ಎರಡು ತಿಂಗಳು ಹೋಬರ್ಟ್ ಪಟ್ಟ ಪಾಡಿಗೆ ಕಲ್ಲೂ ಕರಗುತ್ತಿತ್ತು. ಕ್ಷೌರದಂಗಡಿಯಲ್ಲಿ, ಹೊಳೆಯಲ್ಲಿ ಒಂಬತ್ತು ಇಂಚಿನ ಮೀನು ಹಿಡಿದೆ ಎಂದ. ಕತ್ತರಿ ನಿಂತಿತು. ಯಾರೋ ಅವನ ಹಣೆ ಮುಟ್ಟಿ ಜ್ವರ ನೋಡಿದರು. ಪಾದ್ರಿ ಮನೆಗೇ ಬಂದು ಪ್ರಾರ್ಥಿಸಿ ಹೋದರು. ನೆಲ್ಡಾ ದಿನಾ ಐದಕ್ಕೆ ಬಡಿದಳು. ಏನೂ ಬರಲಿಲ್ಲ.

ಅಕ್ಟೋಬರ್ ನಡುವಿನಲ್ಲಿ, ಹತ್ತಿ ಬಿಡಿಸುವ ಯಂತ್ರಗಳು ರಸ್ತೆ ತುಂಬಿದ್ದ ದಿನ, ರಾಯ್ಸ್‌ನ ಲಾರಿ ಬಂತು. ಎಂಟೆಂಟು ಇಂಚಿನ ಹೈಬ್ರಿಡ್, ಇನ್ನೂರು. ರಾಯ್ಸ್ ಕೊಳದ ನೀರನ್ನು ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಬೆರೆಸಿ, ಮೀನಿಗೆ ಆ ನೀರಿನ ತಂಪು ಒಗ್ಗಿದ ಮೇಲೆ ಕೊಳವೆ ಬಿಚ್ಚಿದ. ಬೆಳ್ಳಿ ಜಾರಿದಂತೆ ಜಾರಿ ಎಲ್ಲವೂ ಆಳಕ್ಕೆ ಓಡಿ ಮಾಯವಾದವು.

ಗಡಿಯಾರದಲ್ಲಿ ಐದಾಗಿತ್ತು. ವಾಕರ್ ಬದಲು ಈಗ ಕೋಲು ಹಿಡಿದಿದ್ದ ನೆಲ್ಡಾ ಮೊಗೆಯೊಂದಿಗೆ ಹಲಗೆಕಟ್ಟೆ ಹತ್ತಿದಳು.

“ಇವತ್ತು ಸುಮ್ನೆ ಶ್ರಮ ಮಿಸ್ ನೆಲ್ಡಾ,” ಎಂದ ರಾಯ್ಸ್. “ಲಾರಿ ಇಳಿದ ಮೀನು ನಾಲ್ಕು ದಿನ ಬಾಯೇ ಬಿಡಲ್ಲ. ನಿಮ್ಮ ಸದ್ದು ಕಲಿಯೋಕೆ ಮೂರು ವಾರ ಬೇಕು.”

ಟಕ್, ಟಕ್, ಟಕ್.

ಅವು ಬಂದವು. ಶಾಲೆಯ ಮಕ್ಕಳು ಸಾಲಲ್ಲಿ ಬಂದ ಹಾಗೆ, ನೇರವಾಗಿ ಕಂಬದ ಬುಡಕ್ಕೆ. ಮರಿಗಳು ಪಚಪಚ ಸದ್ದು ಮಾಡುತ್ತ ಕಾಳು ನುಂಗಿದವು. ಒಂದೊಂದು ಮರಿಯ ಪಕ್ಕಕ್ಕೂ, ಒಂದು ಮೊಳ ಉದ್ದದ ಸೊರಗಿದ ಬೆನ್ನೊಂದು ಸದ್ದಿಲ್ಲದೆ ತೇಲುತ್ತ, ಮರಿಯನ್ನು ಮೆಲ್ಲಗೆ ಮುಂದಕ್ಕೆ ನೂಕುತ್ತಿತ್ತು. ಜೊತೆಗೆ ಮರಿ ಇಲ್ಲದ ಹನ್ನೊಂದು ಹಿಂದೆ ನಿಂತು ಕಾಯುತ್ತಿದ್ದವು.

“ಅರೆ, ಬಂದೇಬಿಟ್ವಲ್ಲ,” ಎಂದು ರಾಯ್ಸ್ ಬಾಯಿ ಬಿಟ್ಟು ನಿಂತ.

“ಎಷ್ಟಿವೆ ಹೋಬರ್ಟ್?” ಎಂದು ನೆಲ್ಡಾ ತಿರುಗದೆ ಕೇಳಿದಳು.

ಹೋಬರ್ಟ್ ಎಣಿಸಿದ. ಇನ್ನೂರು ಎಂದರೆ ರಾಯ್ಸ್ ನಂಬುತ್ತಾನೆ, ಇಡೀ ಊರು ನಂಬುತ್ತದೆ. ಅವನು ನೆಲ್ಡಾಳ ಬೆನ್ನು ನೋಡಿದ.

“ನಾನೂರ ಹನ್ನೊಂದು.”

ರಾಯ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಸುರಿದಿದ್ದು ಇನ್ನೂರು ಮಿಸ್ಟರ್ ಹೋಬರ್ಟ್, ಇನ್ನೂ ಅರ್ಧ ಗಂಟೆ ಆಗಿಲ್ಲ. ನೀವು ಬದಲಾಗಿದೀರಿ ಅಂತ ಯಾರೋ ಹೇಳಿದ್ರು.” ನಗುತ್ತಲೇ ಆನಿಕೊಳ್ಳಲು ಕಂಬದ ಮೇಲೆ ಅಂಗೈ ಊರಿದ. ಮಂಜುಗಡ್ಡೆ ಮುಟ್ಟಿದವನಂತೆ ಕೂಡಲೇ ಕಿತ್ತುಕೊಂಡು ಪ್ಯಾಂಟಿಗೆ ಉಜ್ಜಿದ. ನಗು ಅಲ್ಲಿಗೇ ನಿಂತಿತು.

ನೆಲ್ಡಾ ಬಗ್ಗಿ ಎರಡನೆಯ ಮೊಗೆ ತುಂಬಿಕೊಂಡು, ದೊಡ್ಡವುಗಳ ಕಡೆಗೆ ಎರಚಿದಳು. ಕಾಳು ಅವುಗಳ ಮೇಲೆ ನಿಲ್ಲದೆ ತೇಲಿ ಹೋಯಿತು.

“ಬೆಳಿಗ್ಗೆ ಇದನ್ನ ಬಾಚೋಕೆ ನಾನೂ ಬರ್ತೀನಿ,” ಎಂದಳು ಗಂಡನಿಗೆ. “ಆಮೇಲೆ ತಂಗಿಗೆ ಫೋನ್ ಮಾಡ್ಬೇಕು. ಆ ರೂಮನ್ನ ಯಾರಿಗಾದ್ರೂ ಕೊಡು ಅಂತ ಹೇಳ್ಬಿಡ್ತೀನಿ.”