ಉಪ್ಪು ಬಿದ್ದ ಪೈ

ಕೈಚೀಲದ ತಳದಲ್ಲಿ ತಡಕಾಡಿ ಮಗಳು ಓವನ್ನಿನ ಗುಂಡಿಯನ್ನು ಹೊರತೆಗೆದಳು. ಅದನ್ನು ಅದರ ಜಾಗಕ್ಕೆ ಸಿಕ್ಕಿಸಿ ತಿರುಗಿಸಿದಾಗ ಒಳಗೆ ದೀಪ ಹತ್ತಿಕೊಂಡಿತು. ನಾಲ್ಕು ತಿಂಗಳಿಂದ ಆ ಗುಂಡಿ ಬಾಚಣಿಗೆ, ಕನ್ನಡಕಗಳ ಜೊತೆ ಅವಳ ಚೀಲದಲ್ಲೇ ಓಡಾಡಿಕೊಂಡಿತ್ತು. ಅಮ್ಮ ಇನ್ನು ಓವನ್ ಹಚ್ಚಬಾರದೆಂದು ಅವಳೇ ಕಿತ್ತುಕೊಂಡು ಹೋಗಿದ್ದಳು.

ಅಮ್ಮ ಈಗ ಪಕ್ಕದ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದಳು. ಹನ್ನೊಂದು ಗಂಟೆಗೆ ಮುಚ್ಚಳ ಹಾಕುತ್ತಾರೆ. ಬೆಳಿಗ್ಗೆಯೇ ಬಂದ ಮಗಳು ಇನ್ನೂ ಅಮ್ಮನ ಮುಖ ನೋಡಿರಲಿಲ್ಲ. ದಾರಿಯಲ್ಲಿ ಕೊಂಡ ಸೇಬಿನ ಚೀಲ ಹಿಡಿದು ನೇರ ಅಡುಗೆಮನೆಗೆ ನುಗ್ಗಿದ್ದಳು.

ಅಣ್ಣ ಬಾಗಿಲಲ್ಲಿ ಬಂದು ನಿಂತ. "ಇದೇನೇ ಇದು? ಇವತ್ತು ಪೈ ಮಾಡೋ ದಿನಾನಾ?"

"ಬಂದೋರಿಗೆ ತಿನ್ನೋಕೆ ಏನಾದ್ರೂ ಬೇಡ್ವಾ?"

"ಬಿಸ್ಕತ್ತು ತಂದಿದೀನಿ."

"ಅಮ್ಮನ ಮನೇಲಿ ಅಂಗಡಿ ಬಿಸ್ಕತ್ತಾ? ಚೆನ್ನಾಗಿದೆ!"

"ಒಂದ್ಸಲ ಮುಖ ನೋಡಿ ಬಾರೇ. ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ಬರ್ತೀನಿ. ಇದೊಂದು ಒಳಗಿಟ್ಟು ಬರ್ತೀನಿ."

ಅಣ್ಣ ಗಡಿಯಾರ ನೋಡಿ ಹೋದ. ಅವಳಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ತಟ್ಟೆಗೆ ಹಿಟ್ಟಿನ ಹಾಳೆ ಹಾಸಿ, ದಾಲ್ಚಿನ್ನಿ ಬೆರೆಸಿದ ಸೇಬಿನ ಹೋಳುಗಳನ್ನು ತುಂಬಿ, ಮೇಲೆ ಉದುರಿಸುವ ಪುಡಿಗೆಂದು ಮೈದಾದಲ್ಲಿ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜತೊಡಗಿದಳು. ಉಜ್ಜಿ ಉಜ್ಜಿ ರವೆಯ ಹಾಗೆ ತರಿತರಿಯಾಗಬೇಕು. ಅವಸರ ಮಾಡಿದರೆ ಬೆಣ್ಣೆ ಕರಗಿ ಮುದ್ದೆಯಾಗುತ್ತದೆ. ಇವತ್ತು ಅವಸರ ಬಿಟ್ಟು ಅವಳ ಬಳಿ ಬೇರೇನೂ ಇರಲಿಲ್ಲ.

ಪಕ್ಕದ ಕೋಣೆಯಿಂದ ಮಾತು ಕೇಳುತ್ತಿತ್ತು. ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿಗೆಲ್ಲ ಲೈನು ಕೊಟ್ಟವಳು. ಜೊತೆಯಲ್ಲಿ ಕೆಲಸ ಮಾಡಿದ ಮುದುಕಿಯೊಬ್ಬಳು ಹೇಳುತ್ತಿದ್ದಳು: "ನಾವು ಅವಳನ್ನ ನಂಬರಮ್ಮ ಅಂತಲೇ ಕರೀತಿದ್ದದ್ದು. ಊರಿನ ನಂಬರೆಲ್ಲ ನಾಲಿಗೆ ತುದೀಲಿ! ಯಾರೋ ಡಾಕ್ಟರ ಮನೆಗೆ ಲೈನ್ ಕೊಡಿ ಅಂದ್ರೆ, 'ಅವರು ಈಗ ಮಲಗಿರ್ತಾರೆ, ನಾಲ್ಕಕ್ಕೆ ಮಾಡಿ. ಅದಿರ್ಲಿ, ಮಗೂಗೆ ಜ್ವರ ಎಷ್ಟಿದೆ?' ಅಂತ ಇವಳೇ ವಿಚಾರಿಸೋಳು!"

ನಕ್ಕವರು ಥಟ್ಟನೆ ಬಾಯಿ ಮುಚ್ಚಿಕೊಂಡರು.

ಸಕ್ಕರೆ ಡಬ್ಬಕ್ಕೆ ಹಾಕಿದ ಕೈ ಅಲ್ಲೇ ತಡೆಯಿತು. ಮಗಳು ಒಂದು ಚಿಟಿಕೆ ನಾಲಿಗೆಗಿಟ್ಟು ನೋಡಿದಳು. ಸಕ್ಕರೆಯೇ. ಆದರೂ ಎರಡನೇ ಸಲ ನೋಡಿದಳು.

\* \* \*

ನಾಲ್ಕು ತಿಂಗಳ ಹಿಂದಿನ ಆ ಭಾನುವಾರ ಅವಳು ತನ್ನ ಅತ್ತೆ ಮಾವಂದಿರನ್ನು ಇದೇ ಮನೆಗೆ ಕರೆತಂದಿದ್ದಳು. ಅಮ್ಮ ಹೊಸ ಬಟ್ಟೆ ಉಟ್ಟು, ಪೈಯನ್ನು ಮೇಜಿನ ನಡುವೆ ತಂದಿಟ್ಟಿದ್ದಳು. ಮಾವ ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಆಮೇಲೆ ಕರವಸ್ತ್ರ ತೆಗೆದು ಅದರೊಳಗೆ ಉಗಿದರು. ಮೇಲಿನ ಪುಡಿಯಲ್ಲಿ ಸಕ್ಕರೆಯ ಬದಲು ಬರೀ ಉಪ್ಪಿತ್ತು.

ಅತ್ತೆ ಪರವಾಗಿಲ್ಲ ಎಂದರು. ಮಗಳಿಗೆ ಹಾಗೆ ಬಿಟ್ಟುಬಿಡಲಾಗಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಹೋಗಿ ಎಲ್ಲರೆದುರೇ ಕಸದ ಬುಟ್ಟಿಗೆ ಸುರಿದಳು. ಅಡುಗೆಮನೆಯಲ್ಲಿ ನೋಡಿದರೆ ಓವನ್ ಇನ್ನೂ ಉರಿಯುತ್ತಲೇ ಇತ್ತು, ಅದರ ಬಾಗಿಲಿಗೆ ತೂಗಿಸಿದ್ದ ಬಟ್ಟೆಯ ಅಂಚು ಕಂದುಗಟ್ಟಿತ್ತು.

"ಸಾಕಮ್ಮ ಇನ್ನು! ಒಂದಿನ ಮನೆಗೇ ಬೆಂಕಿ ಹಚ್ಕೋತೀಯ. ಇದೆಲ್ಲ ನಿನ್ನ ಕೈಲಾಗಲ್ಲ," ಎನ್ನುತ್ತ ಗುಂಡಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು.

"ಎರಡೂ ಡಬ್ಬ ಒಂದೇ ಥರ ಇದೆ ಕಣೇ," ಅಂದಳು ಅಮ್ಮ.

ಅಲ್ಲಿಂದಾಚೆ ಪ್ರತಿ ಭಾನುವಾರ ಅಮ್ಮನ ಫೋನು, ಬಾ ಒಂದ್ಸಲ ಎಂದು. ಪ್ರತಿ ಭಾನುವಾರವೂ ಇವಳದು ಮುಂದಿನ ವಾರ. ಆಫೀಸಿನಲ್ಲಿ ಕೆಲಸ ಜಾಸ್ತಿ ಎನ್ನುತ್ತಿದ್ದಳು. ಕೆಲಸವೇನೂ ಇರಲಿಲ್ಲ. ಅಮ್ಮನಿಗೆ ಮುಖ ತೋರಿಸಲು ನಾಚಿಕೆಯಾಗುತ್ತಿತ್ತು, ಅಷ್ಟೇ.

\* \* \*

ಪೈ ಒಳಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಕೆಳಗಿನ ಮನೆಯ ಮುದಿ ದರ್ಜಿ ನೀರು ಕುಡಿಯಲೆಂದು ಒಳಗೆ ಬಂದವರು ಮೂಗರಳಿಸಿದರು.

"ಪುಡಿ ರುಚಿ ನೋಡಿ ಹಾಕಿದ್ಯೇನಮ್ಮ?"

ಅವಳಿಗೆ ಮೈ ಉರಿದುಹೋಯಿತು. "ನಿಮಗೂ ಹೇಳಿದ್ಲಾ ಅಮ್ಮ?"

"ಹೇಳೋದೇನು, ಮೂರು ತಿಂಗಳು ತಿಂದಿದೀನಲ್ಲ! ಬುಧವಾರ ಬುಧವಾರ ನಿಮ್ಮಮ್ಮ ಪೈ ಮಾಡೋಕೆ ನಮ್ಮನೆಗೆ ಬರೋರು. ನಾನು ಹಚ್ಚದ ಓವನ್ನಲ್ಲಿ ಬಟ್ಟೆ ಕತ್ತರಿಸೋ ಅಳತೆ ಕಾಗದ ತುಂಬಿಟ್ಟಿದ್ದೆ. ಎಲ್ಲ ತೆಗೆಸಿ, ತಿಕ್ಕಿ ತೊಳೆದ್ರು. ಮೊದಲನೇ ಪೈ ಉಪ್ಪು. ಎರಡನೇದೂ ಉಪ್ಪು. ಮೂರನೇದಕ್ಕೆ ಉಪ್ಪೂ ಇಲ್ಲ, ಸಕ್ಕರೇನೂ ಇಲ್ಲ. ನಾನು ಚೆನ್ನಾಗಿದೆ ಅಂದ್ರೆ ರೇಗೋರು. 'ಸುಳ್ಳು ಹೇಳ್ಬೇಡಿ, ಸರಿಯಾಗಿ ಹೇಳಿ. ಮಗಳು ಬಂದಾಗ ಮತ್ತೆ ತಪ್ಪಬಾರದು' ಅನ್ನೋರು."

"ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ ಅಂಕಲ್."

"ಸಮಾಧಾನ ಎಲ್ಲಿ ಬಂತಮ್ಮ. ಕಳೆದ ಬುಧವಾರ ಸರಿಯಾಗಿತ್ತು. ನಾನು ಎರಡು ಸಲ ಹಾಕಿಸ್ಕೊಂಡೆ. 'ಭಾನುವಾರ ಫೋನ್ ಮಾಡ್ತೀನಿ, ಈ ಸಲ ಬಂದೇ ಬರ್ತಾಳೆ' ಅಂದ್ರು. ಶನಿವಾರ ಹೀಗಾಗೋಯ್ತು."

ಲೋಟ ಕೆಳಗಿಟ್ಟು ದರ್ಜಿ ಹೊರಟುಹೋದರು. ನಂಬುವುದೋ ಬಿಡುವುದೋ ತಿಳಿಯದೆ ಅವಳು ಓವನ್ನಿನ ಗಾಜಿನೊಳಗೆ ನೋಡುತ್ತ ನಿಂತಳು. ಪುಡಿ ಕಂದುಗಟ್ಟತೊಡಗಿತ್ತು. ಇನ್ನೊಂದೆರಡು ನಿಮಿಷಕ್ಕೆ ತೆಗೆಯಬೇಕು.

"ಬಾರೇ! ಮುಚ್ತಿದಾರೆ!" ಅಣ್ಣ ಕೂಗಿದ.

ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಇಬ್ಬರು ಆಳುಗಳು ಮುಚ್ಚಳವನ್ನು ಆಗಲೇ ಎತ್ತಿ ಹಿಡಿದಿದ್ದರು. ಮಗಳು ನಡುವೆ ನುಗ್ಗಿದಳು. ಅಮ್ಮನ ಮುಖ ಶಾಂತವಾಗಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ಹಿಡಿದುಕೊಂಡಳು. ತೋಳಿನ ಬಟ್ಟೆ ಸ್ವಲ್ಪ ಹಿಂದೆ ಸರಿಯಿತು.

"ಅತ್ತಿಗೆ, ಇದೇನಿದು?" ಎಂದಳು ಪಕ್ಕದಲ್ಲಿ ನಿಂತಿದ್ದ ಅಣ್ಣನ ಹೆಂಡತಿಗೆ.

"ಬಟ್ಟೆ ಹಾಕೋವಾಗ ನಾನೂ ನೋಡ್ದೆ ಕಣೇ. ಎಲ್ಲಿ ಸುಟ್ಕೊಂಡಿದ್ರೋ, ಯಾರಿಗೂ ಹೇಳಿಲ್ಲ."

"ಒಂದೇ ಒಂದು ನಿಮಿಷ," ಎಂದಳು ಮಗಳು ಆಳುಗಳಿಗೆ. ಅವರು ಮುಚ್ಚಳ ಹಿಡಿದುಕೊಂಡೇ ಕಾದರು. ಅಡುಗೆಮನೆಯಿಂದ ಸೀದ ಸಕ್ಕರೆಯ ವಾಸನೆ ಬರತೊಡಗಿತು, ಅವಳು ಅಲುಗಲಿಲ್ಲ. ಅಮ್ಮನ ಬಲ ಮಣಿಕಟ್ಟಿನ ಮೇಲೆ ಬೆರಳುದ್ದದ ನೇರ ಗೆರೆಯೊಂದಿತ್ತು, ಓವನ್ನಿನ ಸರಳು ತಾಗಿದರೆ ಬೀಳುವಂಥದ್ದು. ಅದರ ಹಕ್ಕಳೆ ಒಂದು ತುದಿಯಲ್ಲಿ ಆಗಷ್ಟೇ ಏಳತೊಡಗಿ, ಅಡಿಯಲ್ಲಿ ಹೊಸ ಚರ್ಮ ನಸುಗೆಂಪಾಗಿ ಕಾಣುತ್ತಿತ್ತು.